ಕರಡಿಯ ಮುಖ

ಮೃಗಾಲಯದ ಮೇಲಧಿಕಾರಿಗಳಿಗೆ ನಮಸ್ಕಾರ.

ಮೂವತ್ತು ವರ್ಷ 'ಇಲ್ಲಿ ವಾಹನ ನಿಲ್ಲಿಸಬೇಡಿ' ಎಂದು ಬರೆದ ನನಗೆ ನೀವು ಮೊದಲ ಸಲ ಜೀವವಿರುವ ಕೆಲಸ ಕೊಟ್ಟಿರಿ: ಗೇಟಿನ ಫಲಕಕ್ಕೆ ಕರಡಿಯ ಮುಖ. ಒಂಬತ್ತು ದಿನ ಬೋನಿನ ಎದುರು ಕುಳಿತೆ. ನಾನು ಬಂದಾಗಲೆಲ್ಲ ಅದು ಬೆನ್ನು ಹಾಕಿ ಕೂತಿರುತ್ತಿತ್ತು.

"ನಿಮ್ಮ ಟೋಪಿ ಅದಕ್ಕೆ ಹಿಡಿಸ್ತಿಲ್ಲ ಸಾರ್," ಎಂದ ಕಾವಲುಗಾರ.

ಟೋಪಿ ತೆಗೆದೆ. ಕರಡಿ ತಿರುಗಿಯೂ ನೋಡದೆ ಎದ್ದು ಬೋನಿನ ಮೂಲೆಯ ಗವಿಯೊಳಗೆ ಹೋಯಿತು.

ಕೊನೆಗೆ ಬೆನ್ನನ್ನೇ ಬರೆದೆ, ಒಂದು ಕೂದಲನ್ನೂ ಬಿಡದೆ. ನಿನ್ನೆ ಬಂದ ಶಾಲೆಯ ಮಕ್ಕಳು "ನಮ್ಮ ಕರಡಿ, ನಮ್ಮ ಕರಡಿ" ಎಂದು ಚಿತ್ರವನ್ನು ಮುತ್ತಿಕೊಂಡರು.

"ಮುಖ ಇಲ್ವಲ್ಲಮ್ಮ?" ಎಂದು ಒಬ್ಬಳನ್ನು ಕೇಳಿದೆ.

"ಅದು ಯಾರಿಗೆ ಮುಖ ತೋರಿಸಿದೆ ಅಂಕಲ್?" ಎಂದಳು.

ದಯವಿಟ್ಟು ಇದನ್ನೇ ಗೇಟಿಗೆ ಹಾಕಿಸಿ. ಮುಖವೇ ಬೇಕೆಂದರೆ, ಅದನ್ನು ಕಂಡವರು ಯಾರಾದರೂ ಇದ್ದರೆ ನನ್ನ ಬಳಿ ಕಳಿಸಿಕೊಡಿ.

ಇಂತಿ ತಮ್ಮ ವಿಧೇಯ,
ಬೋರ್ಡು ಬರೆಯುವವನು