ಒಂದಕ್ಷರ ಕಡಿಮೆ

ನವೆಂಬರ್ ೨೮
ಶಿಯೊನೊಜಿ ದೇವಾಲಯ, ವಾಕಯಾಮಾ

ಪ್ರೀತಿಯ ಅಣ್ಣ,

ಅಪ್ಪ ಬದುಕಿದ್ದಾರೆ. ಮೊದಲು ಇಷ್ಟನ್ನು ಓದಿಕೊಂಡು, ಎಲ್ಲಾದರೂ ಕೂತು, ಆಮೇಲೆ ಉಳಿದದ್ದನ್ನು ಓದು.

ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಬರೆದರೂ ಬೆಟ್ಟದ ಮಠದ ಕಚೇರಿಯವರು ಕಟ್ಟಿಟ್ಟು ನೂರನೆಯ ದಿನವೇ ನಿನ್ನ ಕೈಗೆ ಕೊಡುತ್ತಾರೆ. ಇಂದು ನಿನ್ನ ವ್ರತದ ಎಂಬತ್ತೊಂಬತ್ತನೆಯ ದಿನ. ಅಮ್ಮ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಿದ್ದಾಳೆ. ಕೋಯಾ ಬೆಟ್ಟದಲ್ಲಿ ಆಗಲೇ ಹಿಮ ಬಿದ್ದಿದೆಯಂತೆ. ನಿನ್ನ ಬೆರಳುಗಳು ಒಡೆದಿರಬೇಕು.

ನೀನು ಹೊರಟಾಗ ಅಪ್ಪನ ದನಿ ಒಡೆದಿತ್ತಲ್ಲ, ಹೋಮದ ಹೊಗೆ ಎಂದು ನಾವು ನಕ್ಕೆವಲ್ಲ, ಅದು ಹೊಗೆಯಾಗಿರಲಿಲ್ಲ. ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಪ್ಪತ್ತೈದಕ್ಕೆ ಮಾಡೋಣ ಎಂದರು ಡಾಕ್ಟರು. ಅಪ್ಪ ಕೈಮುಗಿದು, "ಎರಡು ವಾರ ಮುಂದಕ್ಕೆ ಹಾಕೋಕಾಗುತ್ತಾ?" ಎಂದು ಕೇಳಿದರು. "ಉಸಿರಿನ ದಾರಿಯೇ ಮುಚ್ಕೊಳ್ತಾ ಇದೆ ಗುರುಗಳೇ. ಎರಡು ದಿನಕ್ಕೂ ನಾನು ಒಪ್ಪಲ್ಲ" ಎಂದುಬಿಟ್ಟರು ಅವರು.

ಎರಡು ವಾರ ಯಾಕೆಂದು ನಿನಗೆ ಗೊತ್ತು. ನೀನು ಇಳಿಯುವುದು ಡಿಸೆಂಬರ್ ಒಂಬತ್ತಕ್ಕೆ. ದೋಣಿಯವರಿಗಾಗಿ ಅಚಲನಾಥನ ಮುಂದೆ ಮಾಡುವ ಸಮುದ್ರಶಾಂತಿಯ ಹೋಮ ಜನವರಿ ಇಪ್ಪತ್ತೆಂಟಕ್ಕೆ. ಆ ಹೋಮಕ್ಕೆ ನಮ್ಮ ದೇವಾಲಯದ್ದೇ ಆದ ಮಂತ್ರ ಯಾವ ಕಾಗದದಲ್ಲೂ ಇಲ್ಲ. ಗುರುವಿನ ಬಾಯಿಂದ, ನೂರು ದಿನ ಮುಗಿಸಿದವನ ಕಿವಿಗೆ. ಹನ್ನೊಂದು ತಲೆಮಾರು ಹಾಗೇ ಬಂದಿದೆ.

ಮೂರು ದೋಣಿಗಳ ಯಜಮಾನರು, ಅದೇ ನಮ್ಮೂರ ‘ತೊಕುಶಿಗೆ’ ಅಜ್ಜ, ಒಂದು ಪೆಟ್ಟಿಗೆ ಕಿತ್ತಳೆ ಹೊತ್ತು ಬಂದರು. ಬಾಗಿಲಲ್ಲೇ ಶುರು.

"ನನ್ನ ಮೊಮ್ಮಗನ ಮೊಬೈಲ್ ಇದೆ. ಅದರಲ್ಲಿ ಹಾಡಿಬಿಡಿ ಗುರುಗಳೇ. ಹುಡುಗ ಬಂದು ಕೇಳ್ಕೊಳ್ಳಲಿ."

"ಮೊಬೈಲಿಗೆ ದೀಕ್ಷೆ ಕೊಡಿಸಿದ್ದೀಯಾ?" ಎಂದರು ಅಪ್ಪ, ಕರಕರ ದನಿಯಲ್ಲಿ.

"ತಮಾಷೆ ಬೇಡ. ಹೋಮ ಇಲ್ಲದೆ ನಮ್ಮ ಹುಡುಗರು ದೋಣಿ ಹತ್ತಲ್ಲ."

ಅಮ್ಮ ಚಹದ ಬಟ್ಟಲನ್ನು ಕುಕ್ಕಿದಳು. "ಯೂಕಾಯ್‌ಗೆ ಫೋನ್ ಮಾಡ್ತೀನಿ. ನಾಳೆನೇ ಇಳಿದು ಬರಲಿ."

"ಇಳಿದರೆ ವ್ರತ ಮುರೀತು. ಮತ್ತೆ ಒಂದನೇ ದಿನದಿಂದ. ವ್ರತ ಮುರಿದವನಿಗೆ ನಾನು ಹೇಳೋದಾದರೂ ಹೇಗೆ?"

"ನಿಮ್ಮ ಹೇಗೆಗೆ ಬೆಂಕಿ ಹಾಕ! ಚೀನಾದ ಚಾಂಗ್‌ಆನ್‌ನ ಗುರುಗಳು ಸಾಯೋ ವರ್ಷವೇ, ಕೆಲವೇ ತಿಂಗಳಲ್ಲಿ, ಕಡಲು ದಾಟಿ ಬಂದ ಪರದೇಶಿಗೆ, ನಮ್ಮ ಮೂಲಗುರುಗಳಿಗೆ, ಎಲ್ಲಾನೂ ಸುರಿದುಬಿಟ್ಟರು, ಕೊಡದಿಂದ ಕೊಡಕ್ಕೆ ನೀರು ಸುರಿದ ಹಾಗೆ ಅಂತ ಪ್ರತಿ ವರ್ಷ ಊರವರಿಗೆ ಹೇಳ್ತೀರಲ್ಲ ರೀ. ಅವರಿಗೆ ಆತುರ ಇರಲಿಲ್ವಾ?"

"ಕೊಡ ಎದುರಿಗೆ ಕೂತಿತ್ತು ಕಣೇ" ಎಂದರು ಅಪ್ಪ.

ತೊಕುಶಿಗೆ ಅಜ್ಜ ಒಂದು ಕಿತ್ತಳೆ ಸುಲಿದು, ತಿನ್ನದೆ, ಹಾಗೇ ಕೈಯಲ್ಲಿ ಹಿಡಿದು ಕೂತಿದ್ದರು.

ಅಣ್ಣ, ಈಗ ನನ್ನ ತಪ್ಪನ್ನು ಹೇಳಬೇಕು. ಒಂಬತ್ತನೆಯ ವಯಸ್ಸಿನಿಂದ ನನಗೆ ಆ ಮಂತ್ರ ಗೊತ್ತು. ಹೋಮದ ಕೋಣೆಗೂ ಪಾತ್ರೆಯ ಕೋಣೆಗೂ ನಡುವೆ ಇರುವುದು ಒಂದು ಕಾಗದದ ತಡಿಕೆ. ಚಳಿಗಾಲದಲ್ಲಿ ಹಿತ್ತಾಳೆ ಬಟ್ಟಲುಗಳನ್ನು ಉಜ್ಜುವ ಕೆಲಸ ನನ್ನದು. ಅಪ್ಪ ಒಬ್ಬರೇ ಅಭ್ಯಾಸ ಮಾಡುವಾಗ ನಾನು ಆ ಕಡೆ ಉಜ್ಜುವುದನ್ನು ನಿಲ್ಲಿಸುತ್ತಿದ್ದೆ. ಕಾಲೇಜಿನಲ್ಲಿ ಹಳೆಯ ಕಾವ್ಯಗಳನ್ನು ಉರುಹೊಡೆದು ಭೇಷ್ ಎನಿಸಿಕೊಂಡವಳು. ಇದೊಂದು ಯಾವ ಲೆಕ್ಕ? ಆದರೆ ದೀಕ್ಷೆಯಿಲ್ಲದೆ ಕೇಳಿದ್ದು ಕಳ್ಳತನ, ನಮ್ಮಲ್ಲಿ ಅದಕ್ಕಿಂತ ದೊಡ್ಡ ಕಳ್ಳತನವಿಲ್ಲ. ಗುಟ್ಟಿನ ಪುಸ್ತಕವನ್ನು ಎರವಲು ಕೇಳಿದ ಹಿರಿಯ ಗೆಳೆಯನಿಗೂ, ಎದುರು ಕೂತು ಕಲಿಯದೆ ಆಗದು ಎಂದು, ಮೂಲಗುರುಗಳು ಕೊಡಲಿಲ್ಲವಲ್ಲ. ಹಾಗಾಗಿ ಹದಿನೈದು ವರ್ಷ ಬಾಯಿ ಬಿಡಲಿಲ್ಲ.

ಇಪ್ಪತ್ತೆರಡರಂದು ಬೆಳಗ್ಗೆ ಬಿಟ್ಟೆ. ಅಪ್ಪ ಗಂಜಿ ನುಂಗಲಾರದೆ ಬಟ್ಟಲನ್ನು ತಿರುಗಿಸುತ್ತಾ ಕೂತಿದ್ದರು. ನಾನು ನೆಲ ನೋಡಿಕೊಂಡೇ ಹೇಳಿದೆ: "ಅಪ್ಪ, ಅದು ನನಗೆ ಬರುತ್ತೆ. ಕದ್ದು ಕೇಳಿದ್ದೀನಿ. ಅಣ್ಣ ಬಂದಮೇಲೆ ಅವನಿಗೆ ದಾಟಿಸ್ತೀನಿ."

ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅಪ್ಪ ಬೈಯಲಿಲ್ಲ. "ಹೇಳು" ಎಂದರು.

ಹೇಳಿದೆ. ಮೊದಲ ಸಾಲನ್ನು ಎರಡು ಸಲ ಶುರುಮಾಡಿದೆ, ಆಮೇಲೆ ತಾನಾಗಿ ಹರಿಯಿತು. ಭಾರತದಲ್ಲಿ ಹುಟ್ಟಿ, ಚೀನಾದಲ್ಲಿ ಸವೆದು, ನಮ್ಮ ಕರಾವಳಿಯ ನಾಲಿಗೆಯಲ್ಲಿ ಇನ್ನಷ್ಟು ದುಂಡಗಾದ ಆ ಶಬ್ದಗಳನ್ನು ಮೊದಲ ಬಾರಿ ನನ್ನ ದನಿಯಲ್ಲೇ ಕೇಳಿದೆ. ಮುಗಿಸಿ ತಲೆಯೆತ್ತಿದಾಗ ಅಪ್ಪ ಕಣ್ಣು ಮುಚ್ಚಿದ್ದರು.

"ಎಲ್ಲಾ ಇದೆ" ಎಂದರು. "ಒಂದಕ್ಷರ ಇಲ್ಲ. ಕೊನೆಯ ಬೀಜಾಕ್ಷರಕ್ಕೆ ಮುಂಚಿನದು. ಅದಿಲ್ಲದೆ ಇದು ಬರೀ ಹಾಡು."

"ಹಾಗಾದ್ರೆ ಆ ಒಂದನ್ನ ಅವಳಿಗೆ ಹೇಳಿ ಮುಗಿಸ್ರೀ!" ಎಂದಳು ಅಮ್ಮ.

"ಹೇಳೋ ಹಾಗಿಲ್ಲ."

ಅಮ್ಮ ಸೌಟನ್ನು ತೊಟ್ಟಿಗೆ ಎಸೆದು ಹೊರಗೆ ಹೋದಳು. ಅವತ್ತು ಮಧ್ಯಾಹ್ನ ನಾನು ಊರ ಗ್ರಂಥಾಲಯದಲ್ಲಿ ಮೂರು ಪುಸ್ತಕ ತೆಗೆದು ನೋಡಿದೆ. ಹೋಲುವ ಮಂತ್ರ ಮೂರರಲ್ಲೂ ಇತ್ತು. ಆ ಜಾಗದಲ್ಲಿ ಮಾತ್ರ ಮೂರೂ ಬೇರೆ ಬೇರೆ.

ಶಸ್ತ್ರಚಿಕಿತ್ಸೆ ಏಳು ಗಂಟೆ ಹಿಡಿಯಿತು. ಗಡ್ಡೆಯನ್ನು ಪೂರ್ತಿ ತೆಗೆದಿದ್ದಾರಂತೆ. ಅಪ್ಪ ಈಗ ಕತ್ತಿನ ರಂಧ್ರದಿಂದ ಉಸಿರಾಡುತ್ತಾರೆ, ಅದರ ಮೇಲೆ ತೆಳು ಬಟ್ಟೆ. ಬಾಯಿಂದ ಗಾಳಿಯೂ ಬರುವುದಿಲ್ಲ, ತುಟಿ ಮಾತ್ರ ಅಲ್ಲಾಡುತ್ತದೆ. ನೀನು ಇಳಿದು ಬಂದು ಅವರೆದುರು ಕೂರುವಾಗ ಆ ತುಟಿಯನ್ನು ನೋಡಬೇಕಾಗುತ್ತದೆ. ಕಿವಿಗೆ ಕೊಡಬೇಕಾದದ್ದನ್ನು ಕಣ್ಣಿಗೆ ಕೊಟ್ಟರೆ ಸಲ್ಲುತ್ತದೆಯೇ? ಅಲ್ಲಿಯ ಹಿರಿಯರನ್ನು ಕೇಳಿಕೊಂಡೇ ಬಾ. ಸಲ್ಲುವುದಿಲ್ಲ ಎಂದರೆ ತೊಕುಶಿಗೆ ಅಜ್ಜನಿಗೆ ನಾವೇ ಹೋಗಿ ಹೇಳೋಣ, ಇಬ್ಬರೂ ಕೂಡಿ.

ನಿನ್ನನ್ನು ಕರೆಯಿಸಲಿಲ್ಲವೆಂದು ಅಮ್ಮನ ಮೇಲೆ ಸಿಟ್ಟಾಗಬೇಡ. ಎರಡು ಸಲ ಫೋನ್ ಎತ್ತಿ, ಎರಡು ಸಲ ಇಟ್ಟಳು.

ಅಚಲನಾಥನ ಕೈಯ ಹಗ್ಗ ನಿನ್ನನ್ನು ಇದು ನಿನ್ನ ಕೈ ಸೇರುವವರೆಗಿನ ಹನ್ನೊಂದು ದಿನವೂ ಬಿಗಿಯಾಗಿ ಹಿಡಿದಿರಲಿ. ಇಳಿಯುವಾಗ ಮೆಟ್ಟಿಲು ಜಾರುತ್ತದೆ, ನಿಧಾನ.

ನಿನ್ನ ತಂಗಿ,
ಸಯೊ

ತಾ.ಕ. ಒಂದು ಮಾತು ಬಿಟ್ಟಿದ್ದೇನೆ. ಅಮ್ಮನಿಗೂ ಹೇಳಿಲ್ಲ.

ಇಪ್ಪತ್ತನಾಲ್ಕರಂದು ಅಪ್ಪನನ್ನು ಆಸ್ಪತ್ರೆಗೆ ಸೇರಿಸಲು ನಾನೇ ಕಾರು ಓಡಿಸಿದೆ. ದಾರಿಯಲ್ಲಿ ಅವರು ಹೇಳಿದರು: "ನೀನು ತಡಿಕೆ ಆಚೆ ಇರ್ತಿದ್ದೆ ಅಂತ ಮೊದಲ ಚಳಿಗಾಲದಿಂದಲೂ ಗೊತ್ತು. ಬಟ್ಟಲಿನ ಸದ್ದು ನಿಲ್ಲುತ್ತಿತ್ತಲ್ಲ. ಆ ಒಂದಕ್ಷರ ಬಂದಾಗ ಬೇಕಂತಲೇ ದನಿ ಇಳಿಸ್ತಿದ್ದೆ."

ಯಾಕೆ ಎಂದೆ.

"ಕದ್ದದ್ದು ಸಾಲದೆ ಹೋದರೆ ಒಂದು ದಿನ ನೀನೇ ತಡಿಕೆ ಸರಿಸಿ ಬಂದು ಕೇಳ್ತೀಯ ಅಂತ. ಹೆಣ್ಣುಮಕ್ಕಳೂ ಬೆಟ್ಟ ಹತ್ತುತ್ತಾರಲ್ಲ ಈಗ. ಕೇಳಿದ್ದರೆ ಇಷ್ಟು ಹೊತ್ತಿಗೆ ನಿನ್ನ ನೂರು ದಿನ ಎಂದೋ ಮುಗಿದಿರೋದು. ಕೇಳದವರಿಗೆ ಕೊಡೋ ಹಾಗಿಲ್ಲ, ಸಯೊ. ಮೊನ್ನೆ ಕೂಡ ನೀನು ‘ಅಣ್ಣನಿಗೆ’ ಅಂದೆ. ‘ನನಗೆ ಬೇಕು’ ಅನ್ನಲಿಲ್ಲ."

ಸಿಗ್ನಲ್ ಹಸಿರಾಗಿತ್ತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ನಾನು ಗೇರ್ ಹಾಕಿದೆ.

ಮರುದಿನ ಬೆಳಗ್ಗೆ ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಲ್ಲಿ ನರ್ಸ್ ಗಾಲಿಮಂಚ ನಿಲ್ಲಿಸಿ, ಒಂದು ನಿಮಿಷ ಮಾತಾಡಿ ಎಂದು ಆಚೆ ಸರಿದಳು. ಅಪ್ಪ ನನ್ನನ್ನೇ ನೋಡುತ್ತಿದ್ದರು. ಕಾಯುತ್ತಿದ್ದರು ಅಣ್ಣ, ನನಗೆ ಗೊತ್ತು. ನಿಯಮವನ್ನು ಬದಿಗಿಟ್ಟು ಕೊಟ್ಟೂಬಿಡುತ್ತಿದ್ದರೋ ಏನೋ. ‘ನನಗೆ ಕೊಡಿ’ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು.

"ಕಾಲು ತಣ್ಣಗಾಗ್ತಿದೆಯಾ ಅಪ್ಪ?" ಎಂದು ಕೇಳಿದೆ.

"ಇಲ್ಲಮ್ಮ, ಬೆಚ್ಚಗಿದೆ" ಎಂದರು. ಅಪ್ಪನ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಅದು.