ನಾಲ್ಕು ತಾಲೂಕಿನ ಕಡಲ್ಗಳ್ಳರು

ಹೊಣಕೆರೆ
೩ ನವೆಂಬರ್ ೨೦೨೪

ಕಾವೇರಿ ಎರಡು ಕವಲಾಗಿ ಸುತ್ತುವರಿದ ಶ್ರೀರಂಗಪಟ್ಟಣವೆಂಬ ದ್ವೀಪದ ಒಡತಿ, ನಮ್ಮ ಸಂಘದಲ್ಲಿ ಸುತ್ತಲೂ ನೀರು ಕಂಡ ಏಕೈಕ ಕಡಲ್ಗಳ್ಳಿ, ಸದ್ಯಕ್ಕೆ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿ ಹೊಟ್ಟೆ ಹೊರೆಯುತ್ತಿರುವ ಅಕ್ಷಿತಾಳ ಸನ್ನಿಧಾನಕ್ಕೆ ತನುಶ್ರೀ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ಹಸುಗಳಂತೂ ಬಹಳ ಕ್ಷೇಮ.

ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಆಸ್ಪತ್ರೆಯಿಂದ ಬಂದ ವಾರವೇ ಬರೀತೀನಿ ಅಂದಿದ್ದೆ. ಆದರೆ ಈ ಎಡಗೈ ಎನ್ನುವುದು ಇಷ್ಟು ವರ್ಷ ಉಂಡು ಮಲಗಿದ್ದ ನೆಂಟನ ಹಾಗೆ. ಈಗ ಏಕಾಏಕಿ ಕೆಲಸ ಹೇಳಿದರೆ ಮುನಿಸು. ಅಕ್ಷರ ನೋಡಿ ಕೋಳಿ ಕೆರೆದ ಹಾಗಿದೆ ಅನ್ನಬೇಡ. ಕೋಳಿಗೆ ಬಲಗಾಲೂ ಇರುತ್ತದೆ.

ಫೋನಿದೆಯಲ್ಲ, ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನಾನು ಏನೇ ಹಾಕಿದರೂ ನೀನು, ಸುನಿತಾ, ಕಿಶನ್ ಮೂವರೂ ಒಂದೊಂದು ಕೈಮುಗಿದ ಚಿತ್ರ ಕಳಿಸಿ ನಾಪತ್ತೆಯಾಗುತ್ತೀರಿ. ಎರಡು ಕೈ ಜೋಡಿಸಿದ ಚಿತ್ರವನ್ನು ನನಗೆ ಕಳಿಸುವುದರಲ್ಲಿ ಎಂಥ ತಮಾಷೆ ಇದೆ ಅಂತ ನಿಮಗೆ ಹೊಳೆದೂ ಇಲ್ಲ. ಹಿಂದಿನ ದಿನಗಳಾಗಿದ್ದರೆ ಅದರ ಮೇಲೇ ಒಂದು ಹೈಕು ಹುಟ್ಟುತ್ತಿತ್ತು. ಕಾಗದಕ್ಕಾದರೆ ಉತ್ತರ ಬರೆಯಲೇಬೇಕು, ಕೈಮುಗಿದು ಓಡಿಹೋಗುವ ಹಾಗಿಲ್ಲ.

ನೆನಪಿದೆಯಾ, ಪಾಂಡವಪುರದ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು ಹೈಕು ಪಾಠ ಮಾಡಿದ್ದು? ಐದು, ಏಳು, ಐದು ಅಕ್ಷರ. ಪ್ರಕೃತಿ ಇರಬೇಕು, ಮೌನ ಇರಬೇಕು ಅಂದರು. ನಾನು ಎದ್ದು ನಿಂತು, ಬಹಳ ಗಂಭೀರವಾಗಿ, ಕಡಲ್ಗಳ್ಳರು ಇರಬಾರದಾ ಸಾರ್ ಅಂದೆ. ಅವರು ಹೊರಗೆ ಕಳಿಸಿದರು. ನಕ್ಕಿದ್ದಕ್ಕೆ ನೀವು ಮೂವರೂ ನನ್ನ ಹಿಂದೆಯೇ ಬಂದಿರಿ. ಪಾಂಡವಪುರದ ಕಿಶನ್, ಕೆ.ಆರ್.ಪೇಟೆ ಕಡೆಯ ಮಾಕವಳ್ಳಿಯ ಸುನಿತಾ, ಶ್ರೀರಂಗಪಟ್ಟಣದ ನೀನು, ನಾಗಮಂಗಲ ತಾಲೂಕಿನ ನಾನು. ಸಮುದ್ರ ಯಾರೂ ನೋಡಿರಲಿಲ್ಲ. ವರಾಂಡದಲ್ಲಿ ನಿಂತುಕೊಂಡೇ ನೀನು ಕಟ್ಟಿದ್ದು:

ಕಡಲೇ ಇಲ್ಲ
ಮಂಡ್ಯದಲ್ಲಿ, ಹಡಗು
ಎಮ್ಮೆ ಎಳೀತು

ಸುನಿತಾ ತನ್ನೂರಿನ ಸಕ್ಕರೆ ಕಾರ್ಖಾನೆಯನ್ನು ಬಿಡಲಿಲ್ಲ:

ಸಕ್ಕರೆ ನಿಧಿ
ಹೂತಿಟ್ಟು ಬಂದ ಕಳ್ಳ
ಇರುವೆ ತಿಂತು

ಹಾಸ್ಟೆಲ್ ಹಿಂದಿನ ಹುಣಸೆಮರಕ್ಕೆ ಕೊಕ್ಕೆ ಕಟ್ಟಿದ ದೋಟಿ ಹಾಕಿ ಸಿಕ್ಕಿಬಿದ್ದ ದಿನದಿಂದ ನಾನು ನಿಮ್ಮ ನಾಯಕಿ, ಕೊಕ್ಕೆ ತನುಶ್ರೀ. ಕಡಲ್ಗಳ್ಳರ ನಾಯಕರಿಗೆ ಕೈಯಿದ್ದ ಜಾಗದಲ್ಲಿ ಕೊಕ್ಕೆ ಇರಬೇಕಲ್ಲ. ಆಮೇಲೆ ನಾಲ್ಕು ವರ್ಷ ನಾವು ಬರೆದದ್ದರಲ್ಲಿ ಅರ್ಧ ಬರೀ ಕೊಕ್ಕೆ:

ಕೊಕ್ಕೆ ಕೈಯೋಳು
ಮೂಗು ತುರಿಸಿಕೊಂಡು
ಮೂಗೇ ಕಳ್ಕೊಂಡ್ಲು

ಈಗ ವಿಷಯಕ್ಕೆ ಬರುತ್ತೇನೆ. ಶ್ರಾವಣದ ಒಂದು ಬೆಳಿಗ್ಗೆ ಸೀಮೆಹುಲ್ಲು ಹಾಕುವಾಗ ಮೇವು ಕತ್ತರಿಸುವ ಮಿಷನ್ನು ಹುಲ್ಲಿನ ಜೊತೆ ನನ್ನ ಸ್ವೆಟರಿನ ತೋಳನ್ನೂ ಎಳೆದುಕೊಂಡಿತು. ಮಣಿಕಟ್ಟಿನಿಂದ ಮುಂದಕ್ಕೆ ಬಲಗೈ ಇಲ್ಲ. ಇದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ಮೈಸೂರಿನ ಆಸ್ಪತ್ರೆಯಲ್ಲಿ ಎಚ್ಚರವಾಗಿ ಬ್ಯಾಂಡೇಜು ನೋಡಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ. ನೀವು ಮೂವರೂ ಇನ್ನು ಏನೇನು ಬರೆದು ಕೊಲ್ಲುತ್ತೀರೋ ಅನ್ನುವ ಯೋಚನೆ. ಅದನ್ನು ಹಿಡಿದುಕೊಂಡೇ ಅಲ್ಲಿ ದಿನ ಕಳೆದೆ.

ಮನೆಗೆ ಬಂದು ಕಾದೆ. ಯಾರೂ ಬರೆಯಲಿಲ್ಲ. ನಿಮಗೆ ನಾಚಿಕೆಯಾಗುತ್ತಿರಬೇಕು ಅಂತ ಮೊದಲನೆಯದನ್ನು ನಾನೇ ನಮ್ಮ ನಾಲ್ವರ ವಾಟ್ಸಾಪ್ ಗುಂಪಿಗೆ ಹಾಕಿದೆ:

ಕೈ ಹೋಯಿತಂತೆ
ಕೊಕ್ಕೆ ಮಾರುವವನೇ
ಎಲ್ಲಪ್ಪಾ ನೀನು

ಕೈಮುಗಿದ ಚಿತ್ರ, ಕೈಮುಗಿದ ಚಿತ್ರ, ಅಳುವ ಮುಖ. ಆಮೇಲೆ ಸುನಿತಾ, "ಹಿಂಗೆಲ್ಲ ಬರೀಬೇಡ ಕಣೇ, ಕರುಳು ಕಿತ್ತು ಬರುತ್ತೆ" ಅಂದಳು. ಅಲ್ಲಿಗೆ ಗುಂಪು ಮಲಗಿದ್ದು ಎದ್ದಿಲ್ಲ.

ಆದಕಾರಣ ನಾಯಕಿಯ ಅಪ್ಪಣೆ: ಈ ಓಲೆ ಮುಟ್ಟಿದ ಕೂಡಲೇ ಒಂದು ಹೈಕು ಬರೆದು ಅಂಚೆಗೆ ಹಾಕತಕ್ಕದ್ದು. ಅದರಲ್ಲಿ ಕೊಕ್ಕೆ ಇರತಕ್ಕದ್ದು. ನಾನು ನಗತಕ್ಕದ್ದು. ಕರುಣೆ ಕಂಡುಬಂದಲ್ಲಿ ಕವಿಯನ್ನು ವಿಶ್ವೇಶ್ವರಯ್ಯ ನಾಲೆಗೆ ದೂಡಲಾಗುವುದು.

ಅಪ್ಪಣೆ ಎಂದರೆ ಬೇಡಿಕೆ ಕಣೇ. ನನಗೆ ಇನ್ನೇನೂ ಬೇಕಿಲ್ಲ.

ಇತಿ,
ಕೊಕ್ಕೆ ತನುಶ್ರೀ


ಹೊಣಕೆರೆ
೧೦ ಡಿಸೆಂಬರ್ ೨೦೨೪

ಪ್ರಿಯ ಅಕ್ಷಿತಾ,

ನಿನ್ನ ಕವರು ಬಂದು ಬಹಳ ದಿನವಾಯಿತು. ಕೂಡಲೇ ಬರೆಯಲಿಲ್ಲ, ಕೋಪ ಇತ್ತು. ರಂಗನಾಥಸ್ವಾಮಿಯ ಪ್ರಸಾದ, ಒಂದು ತುಳಸಿ ಎಲೆ, ಜೊತೆಗೆ "ಧೈರ್ಯವಾಗಿರು, ದೇವರು ದೊಡ್ಡವನು, ನಿನ್ನ ಬಗ್ಗೆ ನಮಗೆಲ್ಲ ಹೆಮ್ಮೆ." ಕವರು ತಲೆಕೆಳಗು ಮಾಡಿ ಕೊಡವಿದೆ. ಹೈಕು ಉದುರಲಿಲ್ಲ. ಹೆಮ್ಮೆ ಯಾಕೆ? ನಾನು ಏನು ಮಾಡಿದೆ? ಹುಲ್ಲು ಹಾಕಿದೆ.

ಪ್ರಸಾದದ ಕಥೆ ಕೇಳು. ಅಮ್ಮ ಅದನ್ನು ಎತ್ತಿಕೊಂಡು ಕಣ್ಣಿಗೊತ್ತಿಕೊಂಡಳು, ನಾನು ಕೈ ನೀಡಿದರೆ ಹಿಂದಕ್ಕೆ ಸರಿದಳು.

"ಎಡಗೈಲಿ ಈಸ್ಕೋಬಾರ್ದು ಕಣಮ್ಮಿ, ಸ್ವಾಮಿ ಪರ್ಸಾದ."

"ಮತ್ಯಾವ ಕೈಲಿ ಈಸ್ಕೊಳ್ಳವ್ವ?"

ಅಮ್ಮ ತಾನೇ ಚಿಟಿಕೆ ತೆಗೆದು ನನ್ನ ಬಾಯಿಗೆ ಹಾಕಿ, ಕೊಟ್ಟಿಗೆಗೆ ಹೋಗಿ ಸೆಗಣಿ ಬಾಚುತ್ತಾ ನಿಂತಳು. ಸೆಗಣಿ ಬೆಳಿಗ್ಗೆಯೇ ಬಾಚಿ ಆಗಿತ್ತು.

ಪಕ್ಕದ ಮನೆಯ ಮಾಯಮ್ಮನಿಗೆ ಮೊನ್ನೆ ಮಜ್ಜಿಗೆ ಲೋಟ ಕೊಟ್ಟೆ. "ಅಲ್ಲೇ ಜಗಲಿ ಮ್ಯಾಲೆ ಮಡಗವ್ವ, ತಗೋತೀನಿ" ಅಂದಳು. ಒಳ್ಳೆಯ ಹೆಂಗಸು, ಕೆಟ್ಟದ್ದು ಅಂತ ಹೇಳಿದ್ದಲ್ಲ. ಎಡಗೈಯಿಂದ ಯಾರೂ ಏನನ್ನೂ ಇಸಿದುಕೊಳ್ಳುವುದಿಲ್ಲ, ನನ್ನ ಅಜ್ಜಿಯೂ ಇಸಿದುಕೊಳ್ಳುತ್ತಿರಲಿಲ್ಲ. ಈಗ ನಾನು ಕೊಡುವುದನ್ನೆಲ್ಲ ಜಗಲಿಯ ಮೇಲೆ ಇಡುತ್ತೇನೆ. ಜಗಲಿ ಕೊಡುತ್ತದೆ.

ಕಿಶನ್ ಪಾಂಡವಪುರದಿಂದ ಫೋನು ಮಾಡಿದ್ದ, ಗೊಬ್ಬರದಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು. ಮೊದಲೆಲ್ಲ ಫೋನೆತ್ತಿದರೆ, "ಏನಮ್ಮೀ ಕೊಕ್ಕೆ, ಇದ್ದೀಯೋ ಸತ್ಯೋ?" ಅನ್ನುತ್ತಿದ್ದ. ಈಗ "ಊಟ ಆಯ್ತಾ? ಮಾತ್ರೆ ತಗೊಂಡ್ರಾ? ಅಮ್ಮ ಚೆನ್ನಾಗವ್ರಾ?" ತಗೊಂಡ್ರಾ ಅಂತೆ! ಕಾಲೇಜಿನಲ್ಲಿ ನನ್ನ ಚಪ್ಪಲಿ ಕದ್ದು ತೆಂಗಿನ ಮರಕ್ಕೆ ಕಟ್ಟಿದವನು. ನನಗೆ ತಡೆಯಲಾಗಲಿಲ್ಲ.

"ಕಿಶನ್, ಒಂದು ಉಪಕಾರ ಆಗಬೇಕಿತ್ತು" ಅಂದೆ, ಸಾಯುವವರ ದನಿಯಲ್ಲಿ.

"ಏಳಿ, ಏಳಿ, ಏನ್ ಬೇಕಾದ್ರೂ ಏಳಿ."

"ನನ್ನತ್ರ ಉಣ್ಣೆ ಗ್ಲೌಸು ಒಂದ್ಜೊತೆ ಐತೆ. ಬಲಗೈದು ಹೊಸದಾಗೇ ಐತೆ. ಬೈಕ್ ಓಡ್ಸೋಕೆ ಆಯ್ತದೆ, ತಗೊಂಡೋಗ್ಲಾ. ಅರ್ಧ ರೇಟು."

ಅವನು ನಗುತ್ತಾನೆ ಅಂತ ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅವನು ಅಳುತ್ತಿದ್ದ. ಗೊಬ್ಬರದ ಮೂಟೆಗಳ ನಡುವೆ ಕೂತು, ಗೊಳೋ ಅಂತ. ನಾನೇ ಸಮಾಧಾನ ಮಾಡಿದೆ. "ಬುಡ್ಲಾ, ಏನಾಗಿಲ್ಲ ಬುಡ್ಲಾ" ಅಂದೆ. ಅವನು "ಆಯ್ತು, ನೀವು ರೆಸ್ಟ್ ಮಾಡಿ" ಅಂತ ಇಟ್ಟ.

ಅಕ್ಷಿ, ಜನ ನನ್ನನ್ನು ನೋಡಿ ಅಳುವುದಕ್ಕೆ ನನಗೆ ಈಗ ರೂಢಿಯಾಗಿದೆ. ಆದರೆ ನಾನು ಒಂದು ಮಾತಾಡಿ ಎದುರಿನವರು ನಕ್ಕರೆ, ಆಗ ನಾನು ಇದ್ದೇನೆ ಅನ್ನಿಸುತ್ತಿತ್ತು. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ. ಈಗ ಅದೇ ಮಾತನ್ನು ಅದೇ ಬಾಯಿಂದ ಆಡಿದರೆ ಎದುರಿನವರ ಮುಖ ಬಾಡುತ್ತದೆ. ಹೋಗಿರುವುದು ಕೈಯಲ್ಲವೇನೋ ಅಂತ ಅನುಮಾನ.

ಡಾಕ್ಟರು ಒಂದು ಕೃತಕ ಕೈ ಬರೆದುಕೊಟ್ಟಿದ್ದಾರೆ. ಪ್ಲಾಸ್ಟಿಕ್ಕು, ನನ್ನ ಬಣ್ಣಕ್ಕಿಂತ ಒಂದು ಸುತ್ತು ಬೆಳ್ಳಗೆ. ಏನೂ ಹಿಡಿಯುವುದಿಲ್ಲ, ಸುಮ್ಮನೆ ಇರುತ್ತದೆ. ಕೊಕ್ಕೆ ಸಿಗಲ್ವಾ ಸಾರ್ ಅಂದೆ. ಅಮ್ಮ ತೊಡೆ ಚಿವುಟಿದಳು. ಡಾಕ್ಟರು ಬಹಳ ಮೃದುವಾಗಿ, ಕೌನ್ಸೆಲಿಂಗಿಗೂ ಒಂದು ಚೀಟಿ ಬರೆದುಕೊಟ್ಟರು.

ಒಂದೇ ಒಂದು ಹೈಕು. ಕೆಟ್ಟದಾದರೂ ಪರವಾಗಿಲ್ಲ.

ನಿನ್ನ,
ತನು


ಹೊಣಕೆರೆ
೧೭ ಜನವರಿ ೨೦೨೫

ಅಕ್ಷಿತಾಳಿಗೆ ಸಂಕ್ರಾಂತಿಯ ಶುಭಾಶಯಗಳು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು.

ನಿನ್ನಿಂದ ಉತ್ತರ ಬಂದಿಲ್ಲ. ಶಾಲೆಯಲ್ಲಿ ಪರೀಕ್ಷೆ, ಗೊತ್ತು. ಸುದ್ದಿ ಹೇಳುತ್ತೇನೆ. ಕೆಂದ ಹಸು ಹೆಣ್ಣುಗರು ಹಾಕಿದೆ. ಅಪ್ಪ ಮಿಷನ್ನನ್ನು ಮಾರಿಬಿಟ್ಟರು. ಈಗ ಮೇವನ್ನು ಕುಡುಗೋಲಿನಲ್ಲಿ ಕತ್ತರಿಸುತ್ತಾರೆ, ಬೆನ್ನು ನೋವು ಅಂತ ಹೇಳುವುದಿಲ್ಲ, ಅದಕ್ಕೇ ಗೊತ್ತಾಗುತ್ತದೆ.

ಹಬ್ಬಕ್ಕೆ ಅಮ್ಮ ನನಗೆ ಪ್ಲಾಸ್ಟಿಕ್ ಕೈ ಹಾಕಿದಳು. ಹಾಕಿ, ಅದಕ್ಕೆ ಹಸಿರು ಗಾಜಿನ ಬಳೆ ತೊಡಿಸಿದಳು. ಬಳೆ ಏರಿಸುವಾಗ "ನೋವಾಯ್ತದಾ?" ಅಂತ ಕೇಳಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ನಗಬೇಕಾದ ಜಾಗ ಅದು, ಅಕ್ಷಿ. ನಾವು ಹಳೆಯ ನಾವಾಗಿದ್ದರೆ ಗೋಡೆಗೆ ಒರಗಿ ನಗುತ್ತಿದ್ದೆವು. ಅಮ್ಮ "ನಾಕ್ ಜನ ಬಂದೋಯ್ತಾರೆ, ಕೈ ಇದ್ದಂಗೆ ಕಾಣ್ಲಿ" ಅಂತ ಸೆರಗು ಸರಿಮಾಡಿಕೊಂಡು ಹೋದಳು.

ಸುನಿತಾ ಮಾಕವಳ್ಳಿಯಿಂದ ಎಳ್ಳು ಬೆಲ್ಲ ತಂದಿದ್ದಳು. ಅಷ್ಟು ದೂರ ಬಸ್ಸು ಬದಲಿಸಿಕೊಂಡು ಬಂದಿದ್ದಳು, ಅದಕ್ಕೆ ಋಣಿ. ಬಳೆಯನ್ನು ನೋಡಿ "ಚೆನ್ನಾಗದೆ ಕಣೇ" ಅಂದಳು, ಆಮೇಲೆ ನಾಲಿಗೆ ಕಚ್ಚಿಕೊಂಡಳು, ಆಮೇಲೆ ಅಮ್ಮನ ಜೊತೆಗೇ ಮಾತಾಡಿದಳು. ಹಾಲಿನ ಡೈರಿ, ಕರು, ಕಬ್ಬಿನ ಕಟಾವು. ಹೊರಡುವಾಗ ನನ್ನ ಹಣೆಗೆ ಮುತ್ತು ಕೊಟ್ಟಳು, ಮಗುವಿಗೆ ಕೊಡುವ ಹಾಗೆ.

ಈ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿದ ಮೇಲೆ ಈ ಕೆಳಕಂಡಂತೆ ಆದೇಶಿಸಲಾಗಿದೆ: ನಾಲ್ಕು ತಾಲೂಕಿನ ಕಡಲ್ಗಳ್ಳರ ಸಂಘವನ್ನು ಈ ಮೂಲಕ ವಿಸರ್ಜಿಸಲಾಗಿದೆ. ಸದಸ್ಯರು ಸಜ್ಜನರಾಗಿ ಬಾಳಲು ಮುಕ್ತರು. ನಾಯಕಿಯು ಹೈಕು ಬೇಡುವ ಕಾಗದಗಳನ್ನು ಇನ್ನು ಬರೆಯತಕ್ಕದ್ದಲ್ಲ. ಕಾರಣ: ಎಡಗೈ ನೋಯುತ್ತದೆ.

ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ಶಾಲೆಯ ಕೆಲಸ ಕಾಯಂ ಆಗಲಿ, ಒಳ್ಳೆಯ ಮನೆ ಸಿಗಲಿ, ಜೀವನ ಪೂರ್ತಿ ನಿನ್ನ ಸುತ್ತ ನಗುವವರು ಇರಲಿ. ಅಮ್ಮ ನಿನ್ನನ್ನು ಕೇಳಿದಳು ಅಂತ ಬರೆಯಲು ಹೇಳಿದ್ದಾಳೆ.

ತನುಶ್ರೀ

ಮರೆತ ಮಾತು: ಎಡಗೈ ನೋವು ಸುಳ್ಳು. ಸುನಿತಾ ಕರು ನೋಡಲು ಅಮ್ಮನ ಜೊತೆ ಕೊಟ್ಟಿಗೆಗೆ ಹೋದಾಗ ಅವಳ ಫೋನು ಮಂಚದ ಮೇಲೆ ಚಾರ್ಜಿಗಿತ್ತು. ಮುಟ್ಟಲಿಲ್ಲ, ಅದೇ ಬೆಳಗಿತು. ಮೇಲೆ 'ಹೊಸ ಹಡಗು' ಅಂತ ಒಂದು ಗುಂಪಿನ ಹೆಸರು. ಅದರ ಕೆಳಗೆ ನಿನ್ನ ಹೆಸರು:

ಹೊಸ ನಾಯಕ
ದೋಣಿ ಏರಿದ ಮೇಲೆ
ವಾಂತಿ ಮಾಡ್ಕೊಂಡ

ಅದರ ಹಿಂದೆಯೇ ಕಿಶನ್: "ಥೂ, ನನ್ ಮಾನ ಕಳದ್ಯಲ್ಲಮ್ಮೀ. ಸುನಿ, ನೀನೀಗ ತನು ಮನೇಲಿದ್ರೆ ಇದ್ನ ನೋಡ್ಬೇಡ. ನಕ್ಕು ಸಿಕ್ಕಾಕೊಂತೀಯ."

ನಾನು ನಕ್ಕೆ ಅಕ್ಷಿ. ಶ್ರಾವಣದಿಂದ ಈಚೆಗೆ ಮೊದಲ ಸಲ, ಜೋರಾಗಿ, ಕಣ್ಣಲ್ಲಿ ನೀರು ಬರುವ ಹಾಗೆ. ಕಿಶನ್ ತೆಪ್ಪದಲ್ಲಿ ಕೂತು ಓಕರಿಸುವುದು ಕಣ್ಣೆದುರು ಬಂತು. ಅಮ್ಮ ಕೊಟ್ಟಿಗೆಯಿಂದ ಓಡಿಬಂದಳು. "ಅಮ್ಮಿ ನಗ್ತಾವ್ಳೆ! ನೋಡವ್ವ ಸುನಿತಾ, ನೀನು ಬಂದಿದ್ಕೆ ನನ್ ಮಗ್ಳು ನಕ್ಳು" ಅಂತ ಅವಳ ಎರಡೂ ಕೈ ಹಿಡಿದುಕೊಂಡಳು. ಸುನಿತಾ ಫೋನಿನ ಕಡೆ ನೋಡಿದಳು. ನಾನು ಗೋಡೆಯ ಕಡೆ ತಿರುಗಿದೆ.

ನನ್ನನ್ನೂ ಸೇರಿಸಿ ಅಂತ ಕೇಳುತ್ತಿಲ್ಲ. ಸೇರಿಸಬೇಡಿ. ನಾನು ಬಂದ ದಿನವೇ ಅಲ್ಲೂ ಕೈಮುಗಿಯಲು ಶುರು ಮಾಡುತ್ತೀರಿ. ನಾನಿಲ್ಲದಿದ್ದರೆ ಎಷ್ಟು ಚೆನ್ನಾಗಿ ಬರೆಯುತ್ತೀರಿ.