ದೊರೆಯ ಆಕಳಿಕೆ, ಮಂತ್ರಿಯ ಚಿಟಿಕೆ

ಜನವರಿ 3, ಶುಕ್ರವಾರ. ಸಂಜೆ

ಇವತ್ತೂ ಅದೇ. ಸುತ್ತಿಗೆ ಹಿಡಿ, ಎರಕದ ಕಾಸ್ಟಿಂಗ್ ಬಡಿ, ಕಿವಿಗೊಡು. ಒಳಗೆ ಗಟ್ಟಿ ಇದ್ದದ್ದು ಟಣ್ ಎನ್ನುತ್ತದೆ. ಬಿರುಕು ಇದ್ದದ್ದು ಥಡ್. ಉದ್ಯಮಬಾಗದ ನಮ್ಮ ಫೌಂಡ್ರಿಗೆ ಪರೀಕ್ಷೆಯ ಮಷೀನು ಬಂದು ಎಷ್ಟೋ ದಿನವಾಯಿತು. ಆದರೂ ಮಾಲಕರು ಕೊನೆಗೆ ತಿರುಗುವುದು ನನ್ನ ಕಡೆಗೇ — "ಕಲ್ಲಯ್ಯನವರ, ನಿಮ್ಮ ಕಿವಿ ಏನಂತೈತ್ರಿ?"

ಕೇಳಲೇಬೇಕು! ನಾಟಕ ಕಂಪನಿಯ ಪರದೆಯ ಹಿಂದೆ ಬೆಳೆದ ಕಿವಿ ಇದು. ಹಾರ್ಮೋನಿಯಂ ಬಾಜೂಕ್ಕೆ ನನ್ನ ತೊಟ್ಟಿಲು. ಅವ್ವ ರಾಣಿಯ ಪಾರ್ಟು ಮುಗಿಸಿ, ಕಿರೀಟ ತೆಗೆಯದೆ ಹಾಗೇ ಮೊಲೆ ಊಡಿಸುತ್ತಿದ್ದಳಂತೆ. ರಾಣಿಯ ಹಾಲು ಕುಡಿದ ದೇಹ!

ಮೇಘಾ ಬಂದಿದ್ದಳು. ಮಗಳು. ಕಾಲೇಜಿನಲ್ಲಿ ಸೈಕಾಲಜಿ ಕಲಿಸುತ್ತಾಳೆ — ಮನುಷ್ಯ ಯಾಕೆ ಹೀಗೆ ಎಂದು ಕೇಳುವುದಕ್ಕೂ ಪಗಾರ ಕೊಡುತ್ತಾರೆ. ಚಹಾ ಕುಡಿಯುತ್ತ ನಾನು ಆಕಳಿಸಿದೆ. ಅವಳಿಗೂ ಬಂತು.

"ನೋಡ್ರಿ, ಹತ್ತಿತು," ಎಂದಳು. "ಇದು ಯಾಕ ಹತ್ತತೈತಿ ಅಂತ ಇನ್ನೂ ಯಾರಿಗೂ ಪಕ್ಕಾ ಗೊತ್ತಿಲ್ಲಪ್ಪಾ. ಸಣ್ಣ ಕೂಸಿಗೆ ಹತ್ತಂಗಿಲ್ಲ. ನಾಯಿಗೆ ಹತ್ತತೈತಿ ಅಂತಾರ. ಬ್ಯಾರೇದವರಕಿಂತ ಹತ್ತಿರದವರ ಆಕಳಿಕಿ ಜಲ್ದಿ ಹತ್ತತೈತಿ ಅಂತ ಕೆಲವರು. ಹಂಗೇನಿಲ್ಲ, ಮತ್ತೊಮ್ಮೆ ನೋಡ್ರಿ ಅಂತ ಕೆಲವರು."

ಕಪ್ಪು ಕೆಳಗಿಟ್ಟೆ. ಎದ್ದು ನಿಂತೆ. ಯಾರ ಮುಂದೆ ಆಕಳಿಕೆಯ ಮಾತು!

'ಮಂಪರುಪುರದ ಮಹಾರಾಜ' ನಾಟಕದ ದೊರೆ ಯಾರು? ನಾನು. ಎರಡನೇ ಅಂಕ, ದರ್ಬಾರು. ಪ್ರಜೆ ಗೋಳು ತೋಡಿಕೊಳ್ಳುತ್ತಿದ್ದಾನೆ, ದೊರೆಗೆ ಆಕಳಿಕೆ. ಮೊದಲು ಮೂಗಿನ ಹೊಳ್ಳೆ ಅರಳುತ್ತದೆ. ಆಮೇಲೆ ಗದ್ದ ಇಳಿಯುತ್ತದೆ — ಮೆಲ್ಲಗೆ, ಹಳೇ ಕೋಟೆಯ ಬಾಗಿಲು ತೆರೆದಂತೆ. ಆಮೇಲೆ, ಆಆಆ... ಮುಂದೆ ಕುರ್ಚಿಯಲ್ಲಿ ಕುಳಿತ ಸಾವುಕಾರರಿಂದ ಹಿಂದೆ ನೆಲದ ಮೇಲೆ ಕುಳಿತ ಮಂದಿಯ ತನಕ, ಗಾಳಿ ಹಾದ ಜೋಳದ ಹೊಲದ ಹಾಗೆ ಇಡೀ ಥೇಟರು ಆಕಳಿಸುತ್ತಿತ್ತು. ಸುಳ್ಳು ಆಕಳಿಕೆಯಿಂದ ಖರೇ ಆಕಳಿಕೆ ಹುಟ್ಟುತ್ತಿತ್ತು! ಹೇಗೆ? ಪಂಡಿತರು ಈಗ ಕೇಳುತ್ತಿದ್ದಾರೆ. ನಾನು ಆಗಲೇ ಮಾಡಿ ತೋರಿಸಿದ್ದೆ.

ಗಂಗಾದೇವಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಹೆಂಡತಿಗಿಂತ ಹತ್ತಿರದವರು ಯಾರು? ಎದುರು ನಿಂತು ದರ್ಬಾರಿನ ಆಕಳಿಕೆ ಕೊಟ್ಟೆ. ಏನೂ ಇಲ್ಲ. ಇನ್ನೊಂದು. ಊಹೂಂ.

"ಹತ್ತಿರದವರಿಗೆ ಹತ್ತತೈತಂತ..." ಎಂದೆ, ದನಿಯಲ್ಲಿ ಕರುಣರಸ ತುಂಬಿ.

"ಐದಕ್ಕ ಎದ್ದೇನಿ. ಆಕಳಿಸಾಕ ನನಗ ಪುರುಸೊತ್ತೆಲ್ಲೈತಿ? ಬಾಯಿ ಮುಚ್ರಿ, ನೊಣಾ ಹೊಕ್ಕೀತು."

ಬರೆಯುವಾಗಲೇ ಎರಡು ಬಂದವು.

ಜನವರಿ 5, ರವಿವಾರ

ಮಂತ್ರಿಯನ್ನು ಬಿಟ್ಟು ದೊರೆಯ ಬಗ್ಗೆ ಬರೆದರೆ ಅರ್ಧ ಸುಳ್ಳು.

ಮಂತ್ರಿ ಬುರಾನುದ್ದೀನ. ಖಾನಾಪುರದವ. ನಾನು ಆಕಳಿಸಿದಾಗೆಲ್ಲ ಓಡಿ ಬಂದು ನನ್ನ ಬಾಯಿಯ ಮುಂದೆ ಚಟ್ ಚಟ್ ಎಂದು ಚಿಟಿಕೆ ಹೊಡೆಯುವುದು ಆತನ ಪಾರ್ಟು — ಮನೆಯಲ್ಲಿ ಹಿರಿಯರು ಶಿವಶಿವಾ ಎನ್ನುತ್ತ ಹೊಡೆದುಕೊಳ್ಳುತ್ತಾರಲ್ಲ, ಹಾಗೆ. ಓಡಿ ಓಡಿ ಮಂತ್ರಿಗೆ ದಣಿವು. ಕೊನೆಗೆ ಆತನೇ ಆಕಳಿಸುತ್ತಾನೆ. ಆಗ ದೊರೆ ಸಿಂಹಾಸನ ಇಳಿದು ಬಂದು ಮಂತ್ರಿಗೆ ಚಿಟಿಕೆ ಹೊಡೆಯಬೇಕು. ಸಿಳ್ಳೆಯೋ ಸಿಳ್ಳೆ!

ಅಲ್ಲೇ ನನ್ನದೊಂದು ಎಡವಟ್ಟು. ನನ್ನ ಕೈ ದೊಡ್ಡದು. ಚಿಟಿಕೆ ಹೊಡೆಯುವಾಗ ಆತನ ಮುಖಕ್ಕೆ ಅಡ್ಡ ಬರುತ್ತಿತ್ತು, ಮಂದಿಗೆ ಮುಖವೇ ಕಾಣಿಸುತ್ತಿರಲಿಲ್ಲ. ಆತ ಪಾರ್ಟು ಬಿಡದೆ, ಎರಡೇ ಬೆರಳಿನಿಂದ ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಬದಿಗೆ ಸರಿಸುತ್ತಿದ್ದ. ತುಟಿ ಅಲುಗಿಸದೆ ಪಿಸುಗುಡುತ್ತಿದ್ದ — "ದೊರಿ, ಮಂದಿ ನನ್ನ ಮಾರಿಗೂ ರೊಕ್ಕಾ ಕೊಟ್ಟಾರ." ಪ್ರತಿ ಆಟದಲ್ಲೂ ನನ್ನ ಕೈ ಅಡ್ಡ, ಪ್ರತಿ ಆಟದಲ್ಲೂ ಎರಡು ಬೆರಳು. ಮಂದಿ ಅದನ್ನೂ ನಾಟಕವೆಂದೇ ನಕ್ಕರು.

ಕಂಪನಿ ಮುಚ್ಚಿತು. ನಾನು ಫೌಂಡ್ರಿಗೆ, ಆತ ತನ್ನೂರಿನ ಹಂಚಿನ ಕಾರ್ಖಾನೆಗೆ.

ಈಗ ಆತನಿಗೆ ಮರೆವಿನ ಕಾಯಿಲೆ. ಇವತ್ತು ಫೋನ್ ಮಾಡಿದೆ. ಹೆಂಡತಿ ಬದರುನ್ನಿಸಾ ಎತ್ತಿದಳು.

"ಬರಬ್ಯಾಡ್ರಿ ಅನ್ನಂಗಿಲ್ಲ ಅಣ್ಣಾ. ಆದ್ರ ಹೆತ್ತ ಮಗನ್ನೂ ಗುರ್ತಾ ಹಿಡಿಯಂಗಿಲ್ಲ ಅವರು. ಮಾತೂ ನಿಂತೈತಿ. ಬಂದ್ರ ನಿಮ್ಮ ಜೀವಕ್ಕ ಸುಮ್ನ ತ್ರಾಸು."

ಕಂಪನಿಯವರು ಒಬ್ಬೊಬ್ಬರಾಗಿ ಹೋದರು. ಗಂಗಾದೇವಿ ನನ್ನ ಕೈ ಹಿಡಿದದ್ದು ಕಿರೀಟ ಇಳಿಸಿದ ಮೇಲೆ. ನಾನು ದೊರೆಯಾಗಿದ್ದೆ ಎಂಬುದಕ್ಕೆ ಭೂಮಿಯ ಮೇಲೆ ಉಳಿದ ಸಾಕ್ಷಿ ಬುರಾನುದ್ದೀನ ಒಬ್ಬನೇ. ಆ ತಲೆಯೊಳಗೆ ನಾನು ಇದ್ದೇನೋ, ಇಲ್ಲವೋ? ಮಾತಿಲ್ಲದವನನ್ನು ಕೇಳುವುದು ಹೇಗೆ?

ಹೇಗೆ ಎಂದರೆ — ಆಕಳಿಸಿ! ಹತ್ತಿರದವನಾದರೆ ಹತ್ತೀತು.

ಜನವರಿ 12, ರವಿವಾರ

ಖಾನಾಪುರ. ಕುಂದಾ ಡಬ್ಬಿ ಹಿಡಿದು ಹೋದೆ. ಆತ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದ. ಗಡ್ಡ ಬೆಳ್ಳಗೆ, ಅಂಗಿ ಇಸ್ತ್ರಿ. ಬದರುನ್ನಿಸಾ ಚೊಕ್ಕಟ ಇಟ್ಟಿದ್ದಾಳೆ. "ನಿಮ್ಮ ದೊರಿ ಬಂದಾರ ನೋಡ್ರಿ!" ಎಂದು ಕಿವಿಯ ಹತ್ತಿರ ಕೂಗಿದಳು. ನನ್ನತ್ತ ನೋಡಿದ. ಗೋಡೆಯತ್ತ ನೋಡುವ ಹಾಗೆಯೇ.

ಎದುರು ಕುಳಿತೆ. ಹೊಳ್ಳೆ ಅರಳಿಸಿದೆ. ಗದ್ದ ಇಳಿಸಿದೆ. ಇಷ್ಟು ವರ್ಷದ ಮೇಲೂ ಏನು ಆಕಳಿಕೆ ಅದು! ಬದರುನ್ನಿಸಾ ಆಕಳಿಸಿದಳು. ಓಣಿಯ ನಾಯಿ ಆಕಳಿಸಿತು. ಮೇಘಾ ಹೇಳಿದ್ದು ಖರೇ, ನಾಯಿಗೂ ಹತ್ತುತ್ತದೆ!

ಆತ ಕುಂದಾ ಡಬ್ಬಿಯನ್ನು ನೋಡುತ್ತಿದ್ದ.

ಥಡ್.

ಜನವರಿ 19, ರವಿವಾರ. ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿಯೇ ಬರೆಯುತ್ತಿರುವುದು

ಭಲೇ ಮಂತ್ರಿ! ಭಲೇ!

ನಟನೆ ಬೇಡವೆಂದು ಸುಮ್ಮನೆ ಕುಳಿತಿದ್ದೆ. ಹಿಂದಿನ ದಿನ ಡಬಲ್ ಶಿಫ್ಟ್, ಬೆನ್ನಿಗೆ ಬಿಸಿಲು... ಖರೇ ಆಕಳಿಕೆ ಬಂತು, ಕರೆಯದೆ ಬಂತು. ಬಾಯಿ ಪೂರ್ತಿ ತೆರೆದಿತ್ತು. ಆಗ ಆತನ ಕೈ ತೊಡೆಯ ಮೇಲಿಂದ ಎದ್ದಿತು. ನನ್ನ ಮುಖದ ತನಕ ಬಂತು. ಚಟ್! ಇನ್ನೊಮ್ಮೆ, ಚಟ್!

ಆತನಿಗೆ ಆಕಳಿಕೆ ಹತ್ತಲಿಲ್ಲ. ಹತ್ತದಿದ್ದರೆ ಹೋಗಲಿ! ಚಿಟಿಕೆ ಬಂತಲ್ಲ! ಬದರುನ್ನಿಸಾ ಬಾಗಿಲಿಗೆ ಕೈ ಆನಿಸಿಕೊಂಡು ನಿಂತೇ ಬಿಟ್ಟಳು.

ಇಲ್ಲಿಂದಲೇ ಮೇಘಾಗೆ ಫೋನ್ ಹಚ್ಚಿ ಹೇಳಿದೆ. ಇಡೀ ಬಸ್ ಸ್ಟ್ಯಾಂಡ್ ಕೇಳಿತು, ಕೇಳಲಿ. ಅವಳು ಖುಷಿಪಟ್ಟಳು. ಆಮೇಲೆ ದನಿ ಇಳಿಸಿ ಕೇಳಿದಳು.

"ಅಪ್ಪಾ, ಒಂದು ಕೇಳ್ಲಿ? ಸಿಟ್ಟ ಮಾಡಬ್ಯಾಡ್ರಿ. ಅವರು ಚಿಟಿಕಿ ಹೊಡದದ್ದು ನಿಮಗೋ... ಆಕಳಿಕಿಗೋ?"

ಬಸ್ಸು ಬಂತು.

ಜನವರಿ 21

ಮಗಳಲ್ಲ, ಮುಳ್ಳು. ಕೇಳಿದ್ದು ಸರಿಯಾದದ್ದೇ, ಅದಕ್ಕೇ ಮುಳ್ಳು. ಕೇಳದೆ ಬಿಟ್ಟಿದ್ದರೆ ಚಿಟಿಕೆಯನ್ನು ಎದೆಯಲ್ಲಿಟ್ಟುಕೊಂಡು ಸಾಯುವ ತನಕ ದೊರೆಯಾಗಿರುತ್ತಿದ್ದೆ.

ಆದರೆ ಬಡಿದು ನೋಡದೆ ಕಾಸ್ಟಿಂಗ್ ಪಾಸ್ ಮಾಡಿದವನಲ್ಲ ನಾನು. "ರವಿವಾರ ನೀನೂ ಬಾ. ನೀನ ಆಕಳಿಸಿ ನೋಡು," ಎಂದೆ.

ಜನವರಿ 26, ರವಿವಾರ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ನನ್ನನ್ನು ಒಳಗೆ ಕೂರಿಸಿ ಮೇಘಾ ಆತನ ಎದುರು ಕುಳಿತಳು. ಆತ ಅವಳನ್ನು ಹಿಂದೆಂದೂ ಕಂಡವನಲ್ಲ. ಅವಳು ಆಕಳಿಸಿದಳು — ಚಟ್ ಚಟ್. ಬದರುನ್ನಿಸಾ ಆಕಳಿಸಿದಳು — ಚಟ್ ಚಟ್. ಅಷ್ಟರಲ್ಲಿ ಹಾಲಿನವನು ಬಂದ. ಕ್ಯಾನು ಕೆಳಗಿಟ್ಟ, ಏನೂ ತಿಳಿಯದೆ ತಾನೂ ಒಂದು ಆಕಳಿಸಿದ. ಹಾಲಿನವನಿಗೂ ಚಿಟಿಕೆ!

ದೊರೆಗೆ ಸಿಕ್ಕಿದ್ದೇ ಹಾಲಿನವನಿಗೂ ಸಿಕ್ಕಿತು.

ಬಸ್ಸಿನಲ್ಲಿ ಮೇಘಾ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟಳು. "ಹೆಸರು, ಮಾರಿ ಇಟ್ಟಕೊಳ್ಳೂ ಜಾಗಾ ಬ್ಯಾರೆ ಅಪ್ಪಾ, ಕೈ ಕಲ್ತದ್ದನ್ನ ಇಟ್ಟಕೊಳ್ಳೂ ಜಾಗಾ ಬ್ಯಾರೆ. ಒಂದು ಮನಿ ಬಿದ್ರೂ ಬಾಜೂ ಮನಿ ನಿಂತಿರತೈತಿ. ಅವರ ಕೈಯಾಗ ಕಲಾ ಇನ್ನೂ ಐತಿ. ಅದೇನ ಸಣ್ಣ ಮಾತಲ್ಲ."

"ಕಲಾ ಐತಿ. ನಾ ಇಲ್ಲ," ಎಂದೆ.

ನನ್ನ ಕೈ ಹಿಡಿದುಕೊಂಡು ಕುಳಿತಳು. ಸುಳ್ಳು ಸಮಾಧಾನ ಹೇಳಲಿಲ್ಲ ನನ್ನ ಮಗಳು. ಅದಕ್ಕೆ ಮಾತ್ರ ಎದೆ ಉಬ್ಬಿತು, ಆ ಹೊತ್ತಿನಲ್ಲೂ.

ಫೆಬ್ರವರಿ 9, ರವಿವಾರ

ಹೋಗಲಿಲ್ಲ. ಹೋದ ವಾರವೂ ಹೋಗಲಿಲ್ಲ. ಯಾರದೋ ಮದುವೆ ಇತ್ತೆಂದು ಬರೆಯಬಹುದು. ಇರಲಿಲ್ಲ.

ಫೆಬ್ರವರಿ 14

ಗಂಗಾದೇವಿ ರೊಟ್ಟಿ ತಟ್ಟುತ್ತಲೇ ಕೇಳಿದಳು. "ಖಾನಾಪುರ ಬಿಟ್ರೇನು?"

"ಹೋಗಿ ಏನ ಮಾಡೂದು? ಅವ ನನ್ನ ಗುರ್ತಾ ಹಿಡಿಯಂಗಿಲ್ಲ."

"ನಿಮ್ಮ ಆಕಳಿಕಿ ನನಗೂ ಹತ್ತಲಿಲ್ಲ. ನನ್ನೂ ಬಿಟ್ಟ ಹೋಗಾವ್ರೇನು?"

ಥೇಟರಿನಲ್ಲಿ ಈ ಮಾತು ಬಂದಿದ್ದರೆ ಒನ್ಸ್ ಮೋರ್ ಬೀಳುತ್ತಿತ್ತು. ನಾನು ರೊಟ್ಟಿ ಮುರಿದೆ.

ಫೆಬ್ರವರಿ 16, ರವಿವಾರ. ಸಂಜೆ 5. ಬುರಾನುದ್ದೀನನ ಕಟ್ಟೆ

ಬಸ್ಸಿನಲ್ಲಿ ಬರೆಯಲೆಂದು ಡೈರಿ ಚೀಲದಲ್ಲಿತ್ತು. ಬಸ್ಸಿನ ತನಕ ತಾಳಲಾರೆ. ಆತ ಬಾಜೂಕ್ಕೇ ಕುಳಿತಿದ್ದಾನೆ. ನಾನು ಬರೆಯುವುದನ್ನು ನೋಡುತ್ತಿದ್ದಾನೆ.

ಪರೀಕ್ಷೆ ಸಾಕೆಂದು ಬಂದೆ. ಫೌಂಡ್ರಿಯ ಸುದ್ದಿ ಹೇಳಿದೆ, ಕುಂದಾ ತಿನ್ನಿಸಿದೆ. ತಿಂದ. ಬಿಸಿಲು ಇಳಿಯಿತು. ಆಗ ಆತ ಆಕಳಿಸಿದ. ತಾನಾಗಿ. ಹೊಳ್ಳೆ, ಗದ್ದ, ಎಲ್ಲ ಪದ್ಧತಿ ಪ್ರಕಾರ!

ನಾನು ಏನೂ ಯೋಚಿಸಲಿಲ್ಲ. ಕೈ ತಾನೇ ಎದ್ದಿತು, ಚಿಟಿಕೆ ಹೊಡೆಯಿತು. ಇವನು ಬುರಾನುದ್ದೀನನೇ, ನನ್ನ ಮಂತ್ರಿಯೇ ಎಂದು ಆ ಕೈ ನನ್ನನ್ನು ಕೇಳಲೇ ಇಲ್ಲ. ಹಾಗಾದರೆ ಆ ಗಳಿಗೆಯಲ್ಲಿ ನಾನು ಅವನನ್ನು ಅರಿತಿರಲಿಲ್ಲವೇ? ಅರಿತಿದ್ದೆ! ಕೈ ಕೇಳಲಿಲ್ಲ ಎಂದ ಮಾತ್ರಕ್ಕೆ ಮನುಷ್ಯ ಒಳಗಿಲ್ಲ ಎಂದು ಹೇಳುವುದು ಹೇಗೆ? ಅರಿವು ಕೂರುವುದು ಎಲ್ಲಿ — ತಲೆಯಲ್ಲೋ, ಬೆರಳ ತುದಿಯಲ್ಲೋ? ಮೇಘಾ ಇದಕ್ಕೆ ಉತ್ತರ ಹೇಳಬೇಕು...

ಅದಲ್ಲ ಬರೆಯಬೇಕಾದದ್ದು. ಇದು —

ನನ್ನ ಕೈ ಅಡ್ಡ ಬಂದಿತ್ತು. ಹಳೇ ಎಡವಟ್ಟು, ಆತನ ಮುಖ ಪೂರ್ತಿ ಮುಚ್ಚಿತ್ತು. ಆತ ಆಕಳಿಕೆ ನಿಲ್ಲಿಸಲಿಲ್ಲ. ಪಾರ್ಟು ಬಿಡಲಿಲ್ಲ. ಎರಡು ಬೆರಳು ನನ್ನ ಮಣಿಕಟ್ಟಿಗೆ ಬಂದವು. ಹಿಡಿದವು. ಮೆಲ್ಲಗೆ ಬದಿಗೆ ಸರಿಸಿದವು. ಓಣಿಗೆ ಆತನ ಮುಖ ಕಾಣಿಸಿತು. ಓಣಿಯಲ್ಲಿ ಇದ್ದದ್ದು ಆ ನಾಯಿ ಒಂದೇ. ಅದಕ್ಕೂ ಮುಖ ತೋರಿಸಿದ ಮಹಾನಟ!

ಬಾಗಿಲಲ್ಲಿ ಬದರುನ್ನಿಸಾ. "ಇದೇನ ಅಣ್ಣಾ? ಅವರು ಆಕಳಿಸಿದ್ರ ದಿನಾ ನಾನ ಬಾಯಿಗೆ ಕೈ ಅಡ್ಡ ಹಿಡೀತೇನಿ. ಮಗಾನೂ ಹಿಡೀತಾನ. ನಮ್ಮ ಕೈ ಎಂದೂ ಸರಿಸಿಲ್ಲ ಅವರು!"

ಕೇಳಿದೆಯಾ ಮೇಘಾ? ಹೆಂಡತಿಯ ಕೈ ಸರಿಸಿಲ್ಲ. ಮಗನ ಕೈ ಸರಿಸಿಲ್ಲ. ಚಿಟಿಕೆ ಎಲ್ಲರ ಪಾಲಿಗೆ ಇರಲಿ, ಹಾಲಿನವನಿಗೂ ಇರಲಿ, ಹಂಚಲಿ ಧಾರಾಳ! ಆದರೆ ಮುಖಕ್ಕೆ ಅಡ್ಡ ಬರುವ ಈ ದಪ್ಪ ಕೈ ಭೂಮಂಡಲದಲ್ಲಿ ಒಂದೇ. ಇದನ್ನು ಸರಿಸುವ ಬೆರಳು ಎರಡೇ. ಟಣ್! ಟಣ್ಣ್!

ಅವಳು ಬಿಡುವವಳಲ್ಲ, ಗೊತ್ತು. ಮೊದಲು ಕೈ ಸರಿಯಾಗಿ ಹಿಡಿದು ನೋಡ್ರಿ, ಆಮೇಲೆ ತಪ್ಪಾಗಿ ಹಿಡಿದು ನೋಡ್ರಿ, ಒಂದೇ ಸಲದ್ದನ್ನು ನಂಬಬ್ಯಾಡ್ರಿ ಎನ್ನುತ್ತಾಳೆ. ಎನ್ನಲಿ. ಮುಂದಿನ ಆಕಳಿಕೆಗೆ ಕೈ ಸರಿಯಾಗಿಯೇ ಹಿಡಿಯುವೆ, ವಿಜ್ಞಾನಕ್ಕೆ ಮೋಸ ಮಾಡಲಾರೆ... ಹಿಡಿಯಲು ಬಂದರೆ ತಾನೆ! ಅಂದು ಕಲಿಯದ ಕೈ ಇಂದು ಕಲಿತೀತೇ —

ಹೋ. ಆತನ ಹೊಳ್ಳೆ ಅರಳುತ್ತಿದೆ. ಗದ್ದ ಇಳಿಯುತ್ತಿದೆ. ಪೆನ್ನು ಕೆಳಗೆ